ಥ್ಯಾಂಕ್ಸ್‌ಗಿವಿಂಗ್‌ಗೆ ಪುಟ್ಟ ಮಕ್ಕಳ ಕೈಲಿ ಏನೇನು ಮಾಡಿಸಬಹುದು? (2ರಿಂದ 7 ವರ್ಷ, ಸಸ್ಯಾಹಾರಿ ಮನೆ)

ತುಂಗೆಯ_ದಡ
ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಯಲ್ಲಿ. ಮಗಳಿಗೆ 5, ಮಗನಿಗೆ 2. ಥ್ಯಾಂಕ್ಸ್‌ಗಿವಿಂಗ್ (ನವೆಂಬರಿನ ಕೃತಜ್ಞತೆಯ ಹಬ್ಬ) ದಿನ ಇನ್ನೆರಡು ಮನೆಯವರು ಊಟಕ್ಕೆ ಬರ್ತಾರೆ, ಒಟ್ಟು ಆರು ಮಕ್ಕಳು. ಅಡುಗೆ ಆಗೋ ತನಕ ಅವರನ್ನ ಟಿವಿ ಮುಂದೆ ಕೂರಿಸೋಕೆ ಮನಸ್ಸಿಲ್ಲ. ಮೂರು ಪ್ರಶ್ನೆ:
ಬಿಸಿ ಗ್ಲೂ ಗನ್ ಇಲ್ಲದೆ, ಮಕ್ಕಳೇ ಮುಕ್ಕಾಲು ಪಾಲು ಮಾಡೋವಂಥ ಕೆಲಸ ಯಾವುದಿದೆ?
ಎಲ್ಲಿ ನೋಡಿದ್ರೂ ಕ್ಯಾಂಡಿ ಕಾರ್ನ್, ಮಾರ್ಷ್‌ಮ್ಯಾಲೋ ಮಿಠಾಯಿ ಅಂಟಿಸಿ ಟರ್ಕಿ ಕೋಳಿಯ ಗೊಂಬೆ ಮಾಡಿ ಅಂತಾರೆ. ಸಸ್ಯಾಹಾರಿಗಳಿಗೆ ಅದು ಆಗುತ್ತಾ?
ಮಗಳ ಪ್ರೀಸ್ಕೂಲಿಂದ ಅಮೆರಿಕದ ಮೂಲನಿವಾಸಿಗಳ ಹಾಗೆ ಕಾಗದದ ಗರಿ ಇರೋ ಹಣೆಪಟ್ಟಿ ಮಾಡಿ ಕಳಿಸಿ ಅಂತ ಚೀಟಿ ಬಂದಿದೆ. ಮಾಡ್ಬೇಕಾ, ಬೇಡ್ವಾ?

ಬಾಲವಾಡಿ_ಅಕ್ಕ
ಮೊದಲು ಅಂಗೈ ಟರ್ಕಿ. ಎಲ್ಲರೂ ಹೇಳೋದೇ, ಆದ್ರೆ ಸರಿಯಾಗಿ ಮಾಡಿಸೋರು ಕಡಿಮೆ. ದಪ್ಪ ಕಾರ್ಡ್‌ಸ್ಟಾಕ್ ಹಾಳೆ ಬೇಕು, ಪ್ರಿಂಟರ್ ಹಾಳೆ ಒದ್ದೆಯಾಗಿ ಸುರುಟಿಕೊಳ್ಳುತ್ತೆ. ವಾಷಬಲ್ ಟೆಂಪೆರಾ ಬಣ್ಣ. ಮಗುವಿನ ಕೈಯನ್ನ ಬಣ್ಣದ ತಟ್ಟೆಗೆ ಅದ್ದಬೇಡಿ. ಸ್ಪಂಜಿನ ಬ್ರಷ್ಷಲ್ಲಿ ತೆಳ್ಳಗೆ ಸವರಿ: ಅಂಗೈಗೂ ಹೆಬ್ಬೆರಳಿಗೂ ಕಂದು, ಉಳಿದ ನಾಲ್ಕು ಬೆರಳಿಗೆ ಕೆಂಪು, ಕಿತ್ತಳೆ, ಹಳದಿ, ಹಸಿರು. ಬಣ್ಣ ಹೆಚ್ಚಾದ್ರೆ ಕೈ ಜಾರಿ ಬೆರಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತೆ. ಕೆಡೋದು ಮುಖ್ಯವಾಗಿ ಅಲ್ಲೇ.

2 ವರ್ಷದವರು ತಣ್ಣಗಿನ ಬಣ್ಣ ತಾಗಿದ ಕೂಡಲೇ ಮುಷ್ಟಿ ಕಟ್ಟುತ್ತಾರೆ. ಅದಕ್ಕೆ ಹಾಳೆಯನ್ನೇ ಕೈ ಹತ್ತಿರ ತನ್ನಿ. ಮಗುವಿನ ಕೈ ಮೇಲ್ಮುಖವಾಗಿ ಇರ್ಲಿ, ಹಾಳೆಯನ್ನ ಮೇಲಿಂದ ಇಟ್ಟು ಒಂದೊಂದೇ ಬೆರಳನ್ನ ಒತ್ತಿ. ಒಣಗೋಕೆ ಅರ್ಧ ಗಂಟೆ ಬಿಡಿ. ಆಮೇಲೆ ಹೆಬ್ಬೆರಳ ತುದಿಗೆ ಕಣ್ಣು, ಕೊಕ್ಕು, ಕೆಳಗೆ ಕಾಲು, ಎಲ್ಲ ಮಾರ್ಕರಲ್ಲಿ. ಹಿಂದೆ ಹೆಸರು, ವರ್ಷ ಬರೆದಿಡಿ. ಪ್ರತಿ ವರ್ಷ ಒಂದೇ ಅಳತೆಯ ಹಾಳೆ ಬಳಸಿದ್ರೆ ಕೈ ಬೆಳೆದಿದ್ದು ಪಕ್ಕಪಕ್ಕ ಇಟ್ಟಾಗ ಕಾಣುತ್ತೆ.

ಕಡಲಹಕ್ಕಿ
ಅಕ್ರಿಲಿಕ್ ಬಣ್ಣ ಮಾತ್ರ ತರಬೇಡಿ ಮಾರಾಯ್ರೆ, ಬಟ್ಟೆಗೆ ಒಣಗಿದ್ರೆ ಹೋಗುವುದೇ ಇಲ್ಲ.

ಗಿರಗಿಟ್ಲೆ
ಕಾಫಿ ಫಿಲ್ಟರ್ ಟರ್ಕಿ ಇನ್ನೂ ಸುಲಭ. 8ರಿಂದ 12 ಕಪ್ ಯಂತ್ರಕ್ಕೆ ಬಳಸೋ ಬಿಳಿ, ಬುಟ್ಟಿ ಆಕಾರದ ಫಿಲ್ಟರ್ ತಗೊಳ್ಳಿ. ಕೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ವಾಷಬಲ್ ಮಾರ್ಕರಲ್ಲಿ ಮಕ್ಕಳು ಹೇಗಾದ್ರೂ ಗೀಚಲಿ. ಆಮೇಲೆ ಸ್ಪ್ರೇ ಬಾಟಲಿಯಿಂದ ಮೂರು ನಾಲ್ಕು ಸಲ ನೀರು. ಬಣ್ಣ ತಾನೇ ಹರಡಿ ಬೆರೆಯುತ್ತೆ. ಪರ್ಮನೆಂಟ್ ಮಾರ್ಕರಾದ್ರೆ ಹರಡೋದಿಲ್ಲ. ನೀರು ಜಾಸ್ತಿಯಾದ್ರೆ ಎಲ್ಲ ಕೂಡಿ ಕೆಸರು ಬಣ್ಣ ಆಗುತ್ತೆ, ಹಾಗಾಗಿ ಸ್ಪ್ರೇ ಬಾಟಲಿ ದೊಡ್ಡವರ ಕೈಲಿರಲಿ. ಒಣಗಿದ ಮೇಲೆ ಅರ್ಧಕ್ಕೆ ಮಡಚಿ ಬಟ್ಟೆ ಒಣಗಿಸೋ ಮರದ ಕ್ಲಿಪ್ಪಿಗೆ ಸಿಕ್ಕಿಸಿದ್ರೆ ಅದೇ ಬಾಲ, ಕ್ಲಿಪ್ಪೇ ಮೈ. ಅಂಟೇ ಬೇಡ. ಊಟದ ಮೇಜಿನ ಮೇಲೆ ಪ್ರತಿ ತಟ್ಟೆ ಹತ್ತಿರ ಹೆಸರಿನ ಚೀಟಿ ಹಿಡಿದು ನಿಲ್ಲುತ್ತೆ.

ಕೋಸಂಬರಿ
ಎರಡನೇ ಪ್ರಶ್ನೆಗೆ: ಸಾಮಾನ್ಯ ಮಾರ್ಷ್‌ಮ್ಯಾಲೋದಲ್ಲಿ ಜೆಲಾಟಿನ್ ಇರುತ್ತೆ. ಅದು ಹಂದಿ ಅಥವಾ ದನದ ಚರ್ಮ, ಮೂಳೆಯಿಂದ ಬರೋದು. ಕ್ಯಾಂಡಿ ಕಾರ್ನ್‌ನಲ್ಲೂ ಹೆಚ್ಚಿನ ಬ್ರಾಂಡುಗಳು ಜೆಲಾಟಿನ್ ಹಾಕ್ತವೆ. ಮೇಲಿನ ಹೊಳಪಿಗೆ ಕನ್ಫೆಕ್ಷನರ್ಸ್ ಗ್ಲೇಜ್ ಅಂತ ಬರೆದಿದ್ರೆ ಅದು ಅರಗು. ಜೆಲ್‌–ಓ ಜೆಲ್ಲಿ ಸಹ ಜೆಲಾಟಿನ್ನೇ. ಡ್ಯಾಂಡೀಸ್ ಹೆಸರಿನ ಮಾರ್ಷ್‌ಮ್ಯಾಲೋದಲ್ಲಿ ಜೆಲಾಟಿನ್ ಇಲ್ಲ, ಸಿಹಿಗೆಣಸಿನ ಕ್ಯಾಸರೋಲ್ ಮೇಲೆ ಹಾಕೋಕೂ ಅದೇ ಆಗುತ್ತೆ.

ಇನ್ನೊಂದು, ಯಾರದ್ದಾದ್ರೂ ಮನೆಗೆ ಊಟಕ್ಕೆ ಹೋದಾಗ ಸ್ಟಫಿಂಗ್‌ಗೆ ಕೋಳಿ ಬ್ರಾತ್ ಅಂದ್ರೆ ಕೋಳಿ ಬೇಯಿಸಿದ ಸಾರು ಹಾಕಿರ್ತಾರೆ, ಕೊಂಡು ತಂದ ಪೈ ಹಿಟ್ಟಿನಲ್ಲಿ ಲಾರ್ಡ್ ಅಂದ್ರೆ ಹಂದಿ ಕೊಬ್ಬು ಇರಬಹುದು. ಕೇಳಿ ಬಡಿಸಿಕೊಳ್ಳಿ.

ಪೇಡಾನಗರಿ
ತಿನ್ನಾಕ ಅಲ್ಲ, ಅಂಟಿಸಾಕಷ್ಟ ಅಂದ್ರ ಜೆಲಾಟಿನ್ ಇದ್ರೇನ್ರೀ?

ಕೋಸಂಬರಿ
@ಪೇಡಾನಗರಿ 2 ವರ್ಷದ ಮಗುವಿಗೆ ಅಂಟಿಸೋ ಸಿಹಿ, ತಿನ್ನೋ ಸಿಹಿ ಅನ್ನೋ ಭೇದ ಇಲ್ಲ, ಬಾಯಿಗೇ ಹೋಗೋದು. ಅದರ ಬದಲು ತರಕಾರಿ ಟರ್ಕಿ ಮಾಡಿ. ದೊಡ್ಡ ದುಂಡನೆ ತಟ್ಟೆ, ಕೆಳಗಿನ ಅಂಚಿಗೆ ಹಮ್ಮಸ್ ಅಥವಾ ಗಟ್ಟಿ ಮೊಸರಿನ ಬಟ್ಟಲು, ಅದೇ ಹೊಟ್ಟೆ. ಸುತ್ತ ಅರ್ಧಚಂದ್ರವಾಗಿ ಒಳಸಾಲು ಸೌತೆಕಾಯಿ, ನಡುಸಾಲು ಹಳದಿ ದೊಣ್ಣೆಮೆಣಸಿನಕಾಯಿ, ಹೊರಸಾಲು ಕೆಂಪು. ಬಿಲ್ಲೆ ಜೋಡಿಸೋದು ಪೂರ್ತಿ ಮಕ್ಕಳ ಕೆಲಸ. ಹಸಿ ಕ್ಯಾರೆಟ್ ಗಟ್ಟಿ, 2 ವರ್ಷದವರ ತಟ್ಟೆಗೆ ಅದನ್ನ ಬೇಯಿಸಿಯೇ ಹಾಕಿ. ದ್ರಾಕ್ಷಿ ಇಡೋದಾದ್ರೆ ಉದ್ದುದ್ದ ನಾಲ್ಕು ಸೀಳು ಮಾಡಿ. ಅಡ್ಡ ಕತ್ತರಿಸಿದ್ರೆ ದುಂಡಗೇ ಉಳಿದು ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಹಳೆಯ_ಪುಟ
ಮೂರನೇ ಪ್ರಶ್ನೆಗೆ ನೇರ ಉತ್ತರ: ಗರಿಯ ಹಣೆಪಟ್ಟಿ ಮಾಡಬೇಡಿ. ಶಾಲೆಗೆ ಒಂದು ಸಾಲು ಬರೆದು ಬೇರೆ ಏನಾದ್ರೂ ಕಳಿಸಿ.

ಕಾರಣ ಇದು. ಈ ಹಬ್ಬದ ಮೂಲ ಅಂತ ಹೇಳೋದು ಇಂಗ್ಲೆಂಡಿಂದ ಬಂದು ನೆಲೆಸಿದವರ ಸುಗ್ಗಿ ಊಟವನ್ನ. 1621ರಲ್ಲಿ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ಆ ಊಟ ಆಗಿದ್ದು ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನರ ಜೊತೆ. ನೆಲೆಸಿದವರಲ್ಲಿ ಒಬ್ಬನಾದ ಎಡ್ವರ್ಡ್ ವಿನ್ಸ್‌ಲೋ ಅದೇ ವರ್ಷ ಡಿಸೆಂಬರಲ್ಲಿ ಬರೆದ ಪತ್ರದಲ್ಲಿ ಇರೋದು ಇಷ್ಟೇ: ಬೇಟೆಗೆ ಹೋದವರು ಹಕ್ಕಿಗಳನ್ನ ಹೊಡೆದು ತಂದರು, ವಾಂಪನೋಗರ ನಾಯಕ ಮ್ಯಾಸಸಾಯಿಟ್ ಸುಮಾರು 90 ಗಂಡಸರ ಜೊತೆ ಬಂದ, ಮೂರು ದಿನ ಔತಣ ನಡೆಯಿತು, ಅವರು ಐದು ಜಿಂಕೆ ಕೊಟ್ಟರು. ಇಂಗ್ಲಿಷರು ಆಗ ಉಳಿದಿದ್ದೇ ಐವತ್ತರ ಆಸುಪಾಸು. ಮೇಫ್ಲವರ್ ಹಡಗಲ್ಲಿ ಬಂದ 102 ಜನರಲ್ಲಿ ಅರ್ಧದಷ್ಟು ಮೊದಲ ಚಳಿಗಾಲದಲ್ಲೇ ತೀರಿಕೊಂಡಿದ್ದರು.

ಆ ಉದ್ದ ಗರಿಗಳ ಕಿರೀಟ ದೂರದ ಬಯಲುಸೀಮೆಯ ಬುಡಕಟ್ಟುಗಳದ್ದು, ಅಲ್ಲೂ ಅದು ಸಾಧಿಸಿ ಪಡೆಯೋ ಗೌರವ. ವಾಂಪನೋಗರಿಗೂ ಅದಕ್ಕೂ ಸಂಬಂಧ ಇಲ್ಲ. ಅವರು ಟೀಪಿ ಡೇರೆಯಲ್ಲೂ ಇರ್ತಿರಲಿಲ್ಲ, ಕೊಂಬೆ ಬಗ್ಗಿಸಿ ತೊಗಟೆ ಹೊದಿಸಿದ ವೆಟು ಅನ್ನೋ ಮನೆಯಲ್ಲಿ ಇರ್ತಿದ್ದರು. ಚಿತ್ರಗಳಲ್ಲಿ ಆ ಇಂಗ್ಲಿಷರಿಗೆ ಇರೋ ಬಕಲ್ ಹಾಕಿದ ಕಪ್ಪು ಟೋಪಿಯೂ ಆಮೇಲಿನ ಚಿತ್ರಕಾರರು ತೊಡಿಸಿದ್ದು. 1970ರಿಂದ ಪ್ಲಿಮತ್‌ನ ಕೋಲ್ಸ್ ಹಿಲ್‌ನಲ್ಲಿ ಹಬ್ಬದ ಗುರುವಾರವೇ ಮೂಲನಿವಾಸಿಗಳು ಶೋಕದಿನ ಆಚರಿಸ್ತಾರೆ. ಆ ನೆಲದ ಜನರನ್ನ ಮಕ್ಕಳಿಗೆ ವೇಷವಾಗಿ ತೋರಿಸೋದು ಸರಿಯಲ್ಲ. ನಮ್ಮ ಹಬ್ಬವನ್ನ ಯಾರಾದ್ರೂ ಹಾಗೆ ವೇಷ ಕಟ್ಟಿ ಆಡಿದ್ರೆ ನಮಗೂ ನೋಯುತ್ತೆ.

ಪೇಡಾನಗರಿ
ನಾಲ್ಕ ವರ್ಷದ ಕೂಸಿಗೆ ಇಷ್ಟೆಲ್ಲಾ ಹೆಂಗ ಹೇಳೋದ್ರೀ? ಕಾಗದದ ಗರಿ ಹಚ್ಚಿದ್ರ ಯಾರಿಗೇನ್ ತ್ರಾಸ?

ಹಳೆಯ_ಪುಟ
ಇಷ್ಟೆಲ್ಲ ಹೇಳಬೇಕಾಗಿಲ್ಲ. "ಪ್ಲಿಮತ್ ಊರಲ್ಲಿ ಮೊದಲಿಂದ ಇದ್ದವರು ವಾಂಪನೋಗ್ ಜನ. ಈಗಲೂ ಇದ್ದಾರೆ. ಜೋಳ, ಅವರೆ, ಕುಂಬಳ ಬೆಳೆಯೋದು ಅವರಿಗೆ ಗೊತ್ತಿತ್ತು, ಬಂದವರಿಗೆ ಕಲಿಸಿದರು." ನಾಲ್ಕು ವರ್ಷಕ್ಕೆ ಇಷ್ಟು ಸಾಕು, ಇದು ನಿಜವೂ ಹೌದು. ಜೋಳ ನೆಡೋದು ಕಲಿಸಿದ ಟಿಸ್‌ಕ್ವಾಂಟಮ್‌ನನ್ನ ಅದಕ್ಕೂ ಮೊದಲು, 1614ರಲ್ಲಿ, ಇಂಗ್ಲಿಷ್ ಹಡಗಿನವನೊಬ್ಬ ಹಿಡಿದುಕೊಂಡು ಹೋಗಿ ಸ್ಪೇನ್‌ನಲ್ಲಿ ಮಾರಿದ್ದ. ಆ ಭಾಗ ಮಕ್ಕಳು ದೊಡ್ಡವರಾದ ಮೇಲೆ ಹೇಳಿ. ಆದ್ರೆ ಹೇಳಿ.

ಬಾಲವಾಡಿ_ಅಕ್ಕ
ಹಳೆಯ_ಪುಟ ಹೇಳಿದ್ದು ಸರಿ. ಹಣೆಪಟ್ಟಿ ಬದಲು ಮೂವರು ಅಕ್ಕತಂಗಿಯರನ್ನ ಕಳಿಸಿ: ಮೆಕ್ಕೆಜೋಳ, ಹುರುಳಿಬಳ್ಳಿ, ಕುಂಬಳ. ಇವನ್ನ ಒಟ್ಟಿಗೇ ಬೆಳೆಯೋದು ಇಲ್ಲಿನ ಮೂಲನಿವಾಸಿಗಳ ಪದ್ಧತಿ. ಜೋಳದ ದಂಟು ಬಳ್ಳಿಗೆ ಆಸರೆ, ಬಳ್ಳಿ ಮಣ್ಣಿಗೆ ಸಾರಜನಕ ಕೊಡುತ್ತೆ, ಕುಂಬಳದ ಅಗಲ ಎಲೆ ಕಳೆ ತಡೆಯುತ್ತೆ. ನಮ್ಮಲ್ಲಿ ರಾಗಿ ಜೊತೆ ಅವರೆ ಅಕ್ಕಡಿ ಹಾಕಿದ ಹಾಗೇ.

ಮಾಡೋದು: ಜಿಪ್‌ಲಾಕ್ ಚೀಲಕ್ಕೆ ಒದ್ದೆ ಮಾಡಿ ಹಿಂಡಿದ ಪೇಪರ್ ಟವಲ್, ಅದರೊಳಗೆ ರಾತ್ರಿ ನೆನೆಸಿದ ಒಣ ಬೀನ್ಸ್ ನಾಲ್ಕು. ಕಿಟಕಿಗೆ ಟೇಪ್ ಹಚ್ಚಿ. ಸುಮಾರು ಒಂದು ವಾರದೊಳಗೆ ಬೇರು ಕಾಣುತ್ತೆ. ಟವಲ್ ತೊಟ್ಟಿಕ್ಕುವಷ್ಟು ಒದ್ದೆ ಇದ್ರೆ ಬೀಜ ಕೊಳೆತು ನಾರುತ್ತೆ, ಹಿಂಡೋದು ಮರೀಬೇಡಿ. ಚೀಲದ ಬಾಯಿ ಒಂದಿಂಚು ತೆರೆದಿರಲಿ.

ನೀರ್_ದೋಸೆ
ಮೆಕ್ಕೆಜೋಳದ ಸಿಪ್ಪೆಯ ಗೊಂಬೆ ಬಗ್ಗೆ ಯಾರೂ ಹೇಳಿಲ್ಲ. 5 ವರ್ಷದ ಮೇಲಿನವರಿಗೆ ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಒಳ್ಳೆಯದು. ಮೆಕ್ಸಿಕನ್ ಅಂಗಡಿಯಲ್ಲಿ ತಮಾಲೆ ಅನ್ನೋ ತಿಂಡಿಗೆ ಅಂತ ಒಣ ಸಿಪ್ಪೆಯ ಕಟ್ಟು ಸಿಗುತ್ತೆ, ಒಂದು ಕಟ್ಟು ಆರು ಮಕ್ಕಳಿಗೆ ಧಾರಾಳ. ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೀರಿ. ಒಣಗಿದ್ದನ್ನ ಮಡಚಿದ್ರೆ ಸೀಳುತ್ತೆ, ಹಾಗಾಗಿ ಕೆಲಸ ಮುಗಿಯೋ ತನಕ ಒದ್ದೆ ಟವಲ್ ಮುಚ್ಚಿರಿ.

ಒಂದು ಗೊಂಬೆಗೆ ಉದ್ದ ಸಿಪ್ಪೆ ಆರು. ಚೂಪು ತುದಿಗಳನ್ನ ಒಟ್ಟುಮಾಡಿ, ತುದಿಯಿಂದ ಒಂದಿಂಚು ಕೆಳಗೆ ದಾರದಲ್ಲಿ ಬಿಗಿಯಾಗಿ ಕಟ್ಟಿ. ಈಗ ಉದ್ದ ಭಾಗವನ್ನ ಬಾಳೆಹಣ್ಣು ಸುಲಿದ ಹಾಗೆ ಸುತ್ತಲೂ ಕೆಳಕ್ಕೆ ಮಡಚಿದ್ರೆ ಗಂಟು ಒಳಗೆ ಹೋಗುತ್ತೆ. ಅದರ ಕೆಳಗೆ ಮತ್ತೆ ಕಟ್ಟಿದ್ರೆ ತಲೆ ಆಯ್ತು. ಕೈಗೆ ಇನ್ನೊಂದು ಸಿಪ್ಪೆಯನ್ನ ಉದ್ದಕ್ಕೆ ಸುರುಳಿ ಸುತ್ತಿ ಎರಡೂ ತುದಿ ಕಟ್ಟಿ, ಕತ್ತಿನ ಕೆಳಗೆ ಪದರಗಳ ನಡುವೆ ತೂರಿಸಿ, ಅದರ ಕೆಳಗೆ ಸೊಂಟ ಕಟ್ಟಿ. ಕೆಳಗಡೆ ಹಾಗೇ ಬಿಟ್ರೆ ಲಂಗ. ಎರಡು ಭಾಗ ಮಾಡಿ ಪಾದದ ಹತ್ತಿರ ಕಟ್ಟಿದ್ರೆ ಕಾಲು. ಗಂಟು ದೊಡ್ಡವರು ಹಾಕಿ, ಮಡಚೋದು, ತೂರಿಸೋದು, ಕೆಳಗೆ ಸಮ ಕತ್ತರಿಸೋದು ಮಕ್ಕಳಿಗೆ ಬಿಡಿ.

ಹೊಡೆನೊಸೌನಿ, ಅಂದ್ರೆ ಇರೋಕ್ವಾ ಜನರಲ್ಲಿ ಈ ಗೊಂಬೆಗೆ ಮುಖ ಬರೆಯೋದಿಲ್ಲ. ನೀವೂ ಬರೀಬೇಡಿ.

ಪೇಡಾನಗರಿ
ಹಣೆಪಟ್ಟಿ ಬ್ಯಾಡ, ಗೊಂಬಿ ನಡೀತೈತಿ. ಇದೆಂಥಾ ಲೆಕ್ಕ?

ನೀರ್_ದೋಸೆ
@ಪೇಡಾನಗರಿ ಒಂದು ಗೌರವದ ಗುರುತು, ಇನ್ನೊಂದು ಮಕ್ಕಳ ಆಟಿಕೆ. ಬಂದು ನೆಲೆಸಿದವರ ಮಕ್ಕಳೂ ಇದೇ ಗೊಂಬೆ ಮಾಡಿ ಆಡಿದ್ದಾರೆ. ಯಾರ ಪದ್ಧತಿ ಅಂತ ಹೆಸರು ಹೇಳಿ ಮಾಡಿದ್ರೆ ಅದು ಕಲಿಕೆ, ಅವರ ಹಾಗೆ ವೇಷ ಹಾಕಿದ್ರೆ ಅಣಕ.

ಪೇಡಾನಗರಿ
ಈಗ ತಿಳೀತ್ರೀ. ಗೊಂಬೀನ ಮಾಡಸ್ತೀನಿ.

ಕಡಲಹಕ್ಕಿ
ಗೊಂಬೆಗೆ ಎರಡು ಮಾತು ಸೇರಿಸ್ತೇನೆ. ಸಿಪ್ಪೆ ಒಣಗುವಾಗ ಕುಗ್ಗುತ್ತದೆ, ಮೊದಲು ಬಿಗಿ ಇದ್ದ ಗಂಟು ಮರುದಿನ ಸಡಿಲ ಆಗ್ತದೆ. ಹಾಗಾಗಿ ದಾರದ ತುದಿ ತಕ್ಷಣ ಕತ್ತರಿಸಬೇಡಿ, ಒಣಗಿದ ಮೇಲೆ ಇನ್ನೊಮ್ಮೆ ಬಿಗಿದು ಕತ್ತರಿಸಿ. ಮತ್ತೆ, ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮನೆಗೆ ಕಳಿಸಿದ್ರೆ ಬೂಷ್ಟು ಬರ್ತದೆ. ಕಾಗದದ ಚೀಲದಲ್ಲಿ ಕೊಡಿ.

ಎಲೆಯುದುರು
ನವೆಂಬರ್ ಅಂದ ಮೇಲೆ ಎಲೆ ಬಿಡೋಕಾಗುತ್ತಾ? ವ್ಯಾಕ್ಸ್ ಪೇಪರ್ ಕಿಟಕಿ ಮಾಡಿ. ಬಿದ್ದ ಮೇಪಲ್ ಎಲೆ ಆರಿಸಿ, ದಪ್ಪ ಪುಸ್ತಕದಲ್ಲಿ ಎರಡು ಮೂರು ದಿನ ಒತ್ತಿಡಿ. ತೇವ ಉಳಿದ್ರೆ ಒಳಗೇ ಕಪ್ಪಾಗುತ್ತೆ. ಎರಡು ವ್ಯಾಕ್ಸ್ ಹಾಳೆ ನಡುವೆ ಎಲೆ ಜೋಡಿಸಿ (ಇದು ಮಗುವಿನ ಕೆಲಸ), ಮೇಲೂ ಕೆಳಗೂ ಕಂದು ಕಾಗದದ ಚೀಲ ಬಿಡಿಸಿ ಹಾಸಿ, ಇಸ್ತ್ರಿಪೆಟ್ಟಿಗೆಯನ್ನ ಕಡಿಮೆ ಬಿಸಿಗೆ ಇಟ್ಟು, ಹಬೆ ಆರಿಸಿ, ನಿಧಾನ ಓಡಿಸಿ (ಇದು ನಿಮ್ಮ ಕೆಲಸ). ಮೇಣ ಕರಗಿ ಹಾಳೆ ಪಾರದರ್ಶಕ ಆದಾಗ ಸಾಕು. ಕತ್ತರಿಸುವಾಗ ಎಲೆ ಸುತ್ತ ಅರ್ಧ ಇಂಚು ಬಿಡಿ, ಇಲ್ಲಾಂದ್ರೆ ಅಂಚು ಬಿಟ್ಟುಕೊಳ್ಳುತ್ತೆ.

ಪಾರ್ಚ್‌ಮೆಂಟ್ ಪೇಪರ್ ನೋಡೋಕೆ ಹಾಗೇ ಇದ್ರೂ ಅದರಲ್ಲಿ ಮೇಣ ಇಲ್ಲ, ಎಷ್ಟು ಒತ್ತಿದ್ರೂ ಅಂಟಲ್ಲ.

ಗಿರಗಿಟ್ಲೆ
ಎಲೆ ಆರಿಸೋಕೆ ಮಕ್ಕಳನ್ನ ಬಿಡೋ ಮುಂಚೆ ಪಾಯಿಸನ್ ಐವಿ ಗುರುತು ತಿಳ್ಕೊಳ್ಳಿ. ಒಂದೇ ತೊಟ್ಟಿಗೆ ಮೂರು ಎಲೆ. ಶರತ್ಕಾಲದಲ್ಲಿ ಚೆಂದದ ಕೆಂಪಾಗುತ್ತೆ, ಮಕ್ಕಳು ಮೊದಲು ಕೈ ಹಾಕೋದೇ ಅದಕ್ಕೆ. ಒಣಗಿದ ಎಲೆಯಲ್ಲೂ ಅದರ ಎಣ್ಣೆ ಇರುತ್ತೆ, ಮೈಯೆಲ್ಲ ಬೊಬ್ಬೆ ಏಳುತ್ತೆ. ಮರ ತಬ್ಬಿಕೊಂಡ ಬಳ್ಳಿಯ ಎಲೆ ಮುಟ್ಟಬೇಡಿ ಅಂತ ಹೇಳಿಡಿ.

ಎಲೆಯುದುರು
ಸರಿಯಾಗಿ ಹೇಳಿದ್ರಿ. 2 ವರ್ಷದವನಿಗೆ ಇಸ್ತ್ರಿ ಕೆಲಸ ಬೇಡ, ಎಲೆ ಉಜ್ಜೋದು ಕೊಡಿ. ಎಲೆಯ ನರ ಇರೋ ಬದಿ ಮೇಲಕ್ಕೆ ಇಟ್ಟು ಟೇಪಿಂದ ಮೇಜಿಗೆ ಅಂಟಿಸಿ, ಮೇಲೆ ತೆಳು ಪ್ರಿಂಟರ್ ಹಾಳೆ. ಕ್ರೇಯಾನ್ ಮೇಲಿನ ಕಾಗದ ಸುಲಿದು ಅಡ್ಡ ಮಲಗಿಸಿ ಉಜ್ಜಬೇಕು. ಇದಕ್ಕೆ ಒಣ ಎಲೆ ಪುಡಿಯಾಗುತ್ತೆ, ಹಸಿ ಎಲೆಯೇ ಬೇಕು.

ಗುಡ್ಡದ_ದಾರಿ
ಪೈನ್ ಕೋನ್ ಟರ್ಕಿ? ಕೋನ್ ಅಡ್ಡ ಇಟ್ಟು ಹಿಂದಿನ ಸಂದುಗಳಲ್ಲಿ ಬಣ್ಣದ ಕಾಗದದ ಗರಿ ಸಿಕ್ಕಿಸಿದ್ರೆ ಆಯ್ತು, ಅಂಟು ಬೇಕಾಗೋದು ಮುಖಕ್ಕೆ ಮಾತ್ರ.

ಬಾಲವಾಡಿ_ಅಕ್ಕ
ಹೊರಗಿಂದ ತಂದ ಕೋನ್ ಆದ್ರೆ ಮೊದಲು ಓವನ್ ಒಲೆಯಲ್ಲಿ ಬಿಸಿ ಮಾಡಿ. ಟ್ರೇಗೆ ಫಾಯಿಲ್ ಹಾಸಿ, 200 ಡಿಗ್ರಿ ಫ್ಯಾರನ್‌ಹೀಟ್, 30ರಿಂದ 45 ನಿಮಿಷ. ಒಳಗಿನ ಹುಳ ಸಾಯುತ್ತೆ, ಅಂಟು ರಾಳ ಕರಗಿ ಗಟ್ಟಿಯಾಗುತ್ತೆ, ಮುಚ್ಚಿಕೊಂಡ ಕೋನ್ ಅರಳುತ್ತೆ. ಒಲೆ ಬಿಟ್ಟು ಆಚೆ ಹೋಗಬೇಡಿ, ರಾಳಕ್ಕೆ ಬೆಂಕಿ ಬೇಗ ಹತ್ತುತ್ತೆ. ಮೈಕ್ರೋವೇವ್ ಬೇಡವೇ ಬೇಡ.

ಗುಡ್ಡದ_ದಾರಿ
ಅಷ್ಟೆಲ್ಲ ಯಾಕೆ, ಬಿಸಿಲಿಗೆ ಒಣಗಿಸಿದ್ರೆ ಸಾಕಲ್ವಾ?

ಬಾಲವಾಡಿ_ಅಕ್ಕ
ಅರಳೋದಕ್ಕೆ ಬಿಸಿಲು ಸಾಕು. ಹುಳ ಸಾಯೋದಕ್ಕೆ ನವೆಂಬರ್ ಬಿಸಿಲು ಸಾಲದು. ಊಟದ ಮೇಜಿನ ಮೇಲೆ ಇಡೋದು ಅಲ್ವಾ?

ತುಂಗೆಯ_ದಡ
ಅಬ್ಬಾ, ಎಷ್ಟೊಂದು! ಹಣೆಪಟ್ಟಿ ಬಿಟ್ಟೆ, ಬೀನ್ಸ್ ಚೀಲ ಕಳಿಸ್ತೀನಿ. ಉಪ್ಪಿನ ಹಿಟ್ಟಿನ ಎಲೆ ಮಾಡಿ ಅಂತ ಒಬ್ಬರು ಹೇಳಿದ್ರು. ಮೈದಾ ಎಷ್ಟು, ಉಪ್ಪು ಎಷ್ಟು?

ನೀರ್_ದೋಸೆ
ಮೈದಾ 2 ಕಪ್, ಪುಡಿ ಉಪ್ಪು 1 ಕಪ್, ನೀರು ಮುಕ್ಕಾಲು ಕಪ್ಪಿಂದ ಶುರು ಮಾಡಿ ಚಮಚ ಚಮಚವಾಗಿ 1 ಕಪ್ ತನಕ. ಚಪಾತಿ ಹಿಟ್ಟಿಗಿಂತ ಗಟ್ಟಿ ಇರ್ಲಿ. ಹತ್ತು ನಿಮಿಷ ನಾದಬೇಕು, ಇಲ್ಲಾಂದ್ರೆ ಬಿರುಕು. ಕಾಲು ಇಂಚು ದಪ್ಪ ಲಟ್ಟಿಸಿ, ನಿಜವಾದ ಎಲೆಯನ್ನ ಒತ್ತಿ ನರದ ಅಚ್ಚು ತೆಗೆದು ಸುತ್ತ ಕತ್ತರಿಸಿ. ನೇತು ಹಾಕೋದಾದ್ರೆ ತೂತನ್ನ ಈಗಲೇ ಸ್ಟ್ರಾದಲ್ಲಿ ಮಾಡಿ. ಓವನ್ನಲ್ಲಿ 250 ಡಿಗ್ರಿ ಫ್ಯಾರನ್‌ಹೀಟ್‌ಗೆ 2ರಿಂದ 3 ಗಂಟೆ, ನಡುವೆ ಒಮ್ಮೆ ತಿರುವಿ ಹಾಕಿ. ಬೇಗ ಆಗ್ಲಿ ಅಂತ 350ಕ್ಕೆ ಇಟ್ರೆ ಗುಳ್ಳೆ ಏಳುತ್ತೆ. ಸೆಲ್ಫ್ ರೈಸಿಂಗ್ ಹಿಟ್ಟು ತರಬೇಡಿ, ಉಬ್ಬಿ ಆಕಾರ ಹೋಗುತ್ತೆ.

ಗಿರಗಿಟ್ಲೆ
ಮನೇಲಿ ನಾಯಿ ಇದ್ರೆ ಉಪ್ಪಿನ ಹಿಟ್ಟು ಬೇಡ. ಅಷ್ಟು ಉಪ್ಪು ತಿಂದ್ರೆ ನಾಯಿ ಜೀವಕ್ಕೇ ಅಪಾಯ. ಬರೋ ಅತಿಥಿಗಳ ನಾಯಿಯನ್ನೂ ಲೆಕ್ಕಕ್ಕೆ ತಗೊಳ್ಳಿ.

ಮುಂಗಾರು_ಮೋಡ
ಅಂದ ಹಾಗೆ ಇದು ನವೆಂಬರ್ ಕೊನೇ ಗುರುವಾರ ಅಲ್ವಾ? ಒಂದೊಂದು ವರ್ಷ ಆಮೇಲೆ ಇನ್ನೊಂದು ಗುರುವಾರ ಬರುತ್ತಲ್ಲ.

ಹಳೆಯ_ಪುಟ
ನಾಲ್ಕನೇ ಗುರುವಾರ. 22ರಿಂದ 28ರ ಒಳಗೇ ಬೀಳುತ್ತೆ. ಲಿಂಕನ್ 1863ರಲ್ಲಿ ಸಾರಿದ್ದು ಕೊನೇ ಗುರುವಾರ, ಸಾರಾ ಜೋಸೆಫಾ ಹೇಲ್ ಅನ್ನೋ ಪತ್ರಿಕಾ ಸಂಪಾದಕಿ ವರ್ಷಗಟ್ಟಲೆ ಪತ್ರ ಬರೆದು ಒತ್ತಾಯಿಸಿದ ಮೇಲೆ. 1939ರಲ್ಲಿ ಐದು ಗುರುವಾರ ಬಂತು. ಕ್ರಿಸ್‌ಮಸ್ ವ್ಯಾಪಾರಕ್ಕೆ ದಿನ ಸಾಲಲ್ಲ ಅಂತ ಅಂಗಡಿಯವರು ಕೇಳಿದ್ದಕ್ಕೆ ರೂಸ್‌ವೆಲ್ಟ್ ಒಂದು ವಾರ ಹಿಂದಕ್ಕೆ ಹಾಕಿದ್ರು, ಅರ್ಧ ರಾಜ್ಯಗಳು ಒಪ್ಪಲಿಲ್ಲ. 1941ರಲ್ಲಿ ಅಮೆರಿಕದ ಸಂಸತ್ತು (ಕಾಂಗ್ರೆಸ್) ನಾಲ್ಕನೇ ಗುರುವಾರ ಅಂತ ಕಾನೂನು ಮಾಡಿತು. ಕೆನಡಾದಲ್ಲಿರೋ ನಮ್ಮವರಿಗೆ ಅಕ್ಟೋಬರ್ ಎರಡನೇ ಸೋಮವಾರ.

ಮುಂಗಾರು_ಮೋಡ
ಧನ್ಯವಾದ ಸರ್. ಟರ್ಕಿ ಟ್ರಾಟ್ ಓಟವೂ ಇದೆ, ಮರೀಬೇಡಿ. ನ್ಯೂಯಾರ್ಕ್ ರಾಜ್ಯದ ಬಫಲೋ ಊರಲ್ಲಿ 1896ರಿಂದ ಓಡ್ತಿದ್ದಾರೆ. ಎಷ್ಟೋ ಊರಲ್ಲಿ ಪುಟ್ಟ ಮಕ್ಕಳಿಗೆ ಬೇರೆ ಚಿಕ್ಕ ಓಟ ಇರುತ್ತೆ.

ಗುಡ್ಡದ_ದಾರಿ
ಬೆಳಿಗ್ಗೆ ಟಿವಿಯಲ್ಲಿ ನ್ಯೂಯಾರ್ಕಿನ ಮೇಸಿಸ್ ಅಂಗಡಿಯವರ ಹಬ್ಬದ ಮೆರವಣಿಗೆ ಹಾಕ್ತೀರಲ್ಲ, ಅದಕ್ಕೆ ಜೋಡಿ ಕೆಲಸ ಒಂದಿದೆ. 1924ರಲ್ಲಿ ಶುರುವಾದಾಗ ಬಲೂನ್ ಇರಲಿಲ್ಲ, ಸೆಂಟ್ರಲ್ ಪಾರ್ಕ್ ಮೃಗಾಲಯದ ನಿಜವಾದ ಪ್ರಾಣಿಗಳು ನಡೆದವು. 1927ರಲ್ಲಿ ಟೋನಿ ಸಾರ್ಗ್ ಅನ್ನೋ ಸೂತ್ರದ ಗೊಂಬೆಯಾಟದವರು ದೊಡ್ಡ ಬಲೂನ್ ತಂದರು. ಸೂತ್ರದ ಗೊಂಬೆಯನ್ನ ತಲೆಕೆಳಗು ಮಾಡಿದಂತೆ, ದಾರ ಕೆಳಗೆ, ಗೊಂಬೆ ಮೇಲೆ. ಮಕ್ಕಳಿಗೆ: ಊಟದ ಕಂದು ಕಾಗದದ ಚೀಲಕ್ಕೆ ಮುಖ ಬರೆಸಿ, ಒಳಗೆ ಮುದ್ದೆ ಮಾಡಿದ ನ್ಯೂಸ್‌ಪೇಪರ್ ತುಂಬಿ, ಬಾಯಿಗೆ ಅಡುಗೆಯ ಪೇಪರ್ ಟವಲ್ಲಿನ ರಟ್ಟಿನ ಕೊಳವೆ ತೂರಿಸಿ ಮಾಸ್ಕಿಂಗ್ ಟೇಪ್ ಸುತ್ತಿ. ಕೋಲು ಬೇಡ, ಓಡಾಡುವಾಗ ಕಣ್ಣಿಗೆ ಚುಚ್ಚುತ್ತೆ. ಹಜಾರದಿಂದ ಅಡುಗೆಮನೆ ತನಕ ಮೆರವಣಿಗೆ ಮಾಡಲಿ.

ಕೋಸಂಬರಿ
ಕ್ರ್ಯಾನ್‌ಬೆರಿ ಗೊಜ್ಜು ಮಾಡ್ರಿ! ಮಕ್ಕಳಿಗೂ ಕೆಲಸ ಸಿಗುತ್ತೆ. ಮೊದಲು ದೊಡ್ಡ ಪಾತ್ರೆ ನೀರಿಗೆ ಹಣ್ಣು ಸುರೀಲಿ. ಎಲ್ಲ ತೇಲುತ್ತೆ. ಒಂದನ್ನ ಅಡ್ಡ ಕತ್ತರಿಸಿ ತೋರಿಸಿ, ಒಳಗೆ ನಾಲ್ಕು ಗಾಳಿಗೂಡು ಇರುತ್ತೆ, ಅದಕ್ಕೇ ತೇಲೋದು. ಗದ್ದೆಗೆ ನೀರು ಕಟ್ಟಿ ಕೊಯ್ಲು ಮಾಡೋದೂ ಅದಕ್ಕೇ. ಮೆತ್ತಗಾದದ್ದು, ಸುಕ್ಕಾದದ್ದು ಆರಿಸಿ ತೆಗೆಯೋದು 5 ವರ್ಷದವರ ಕೆಲಸ.

ಗೊಜ್ಜಿಗೆ 12 ಔನ್ಸ್ ಪೊಟ್ಟಣ ಒಂದು, ಪುಡಿ ಬೆಲ್ಲ ಮುಕ್ಕಾಲು ಕಪ್, ನೀರು ಅರ್ಧ ಕಪ್, ಉಪ್ಪು, ಅಚ್ಚ ಖಾರದಪುಡಿ ಅರ್ಧ ಚಮಚ, ಹುರಿದು ಪುಡಿ ಮಾಡಿದ ಮೆಂತ್ಯ ಕಾಲು ಚಮಚ. ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು ಹಾಕಿ, ಹಣ್ಣು ಮತ್ತು ನೀರು ಸೇರಿಸಿ ಮುಚ್ಚಿ. ಪಟಪಟ ಒಡೆಯೋದು ನಿಂತ ಮೇಲೆ ಬೆಲ್ಲ, ಪುಡಿಗಳು. ಹುಣಸೆಹಣ್ಣು ಬೇಡ, ಹುಳಿ ಹಣ್ಣಿನಲ್ಲೇ ಇದೆ. ಇನ್ನೂ ನೀರಾಗಿದೆ ಅನ್ನಿಸುವಾಗಲೇ ಒಲೆ ಆರಿಸಿ. ಇದರಲ್ಲಿ ಪೆಕ್ಟಿನ್ ಜಾಸ್ತಿ, ಆರಿದ ಮೇಲೆ ಗಟ್ಟಿಯಾಗುತ್ತೆ. ಒಲೆ ಮೇಲೇ ಗಟ್ಟಿ ಮಾಡಿದ್ರೆ ಮರುದಿನ ಚಾಕುವಿನಲ್ಲಿ ಕತ್ತರಿಸಬೇಕಾಗುತ್ತೆ.

ಹಳೆಯ_ಪುಟ
ಕ್ರ್ಯಾನ್‌ಬೆರಿ ಮಾತು ಬಂತಲ್ಲ, ಅಕ್ವಿನಾ ವಾಂಪನೋಗರಿಗೆ ಅಕ್ಟೋಬರ್ ಎರಡನೇ ಮಂಗಳವಾರ ಕ್ರ್ಯಾನ್‌ಬೆರಿ ದಿನ, ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಎಲ್ಲರೂ ಸೇರಿ ಕೀಳ್ತಾರೆ. ಮಕ್ಕಳಿಗೆ ಹಣ್ಣು ತೋರಿಸುವಾಗ ಇದನ್ನೂ ಹೇಳಬಹುದು.

ಎಲೆಯುದುರು
ಕ್ರ್ಯಾನ್‌ಬೆರಿ, ಪಾಪ್‌ಕಾರ್ನ್ ಪೋಣಿಸಿ ಬಾಗಿಲಿಗೆ ತೋರಣ ಕಟ್ಟಬಹುದು. ಪಾಪ್‌ಕಾರ್ನ್ ಹಿಂದಿನ ದಿನವೇ ಅರಳಿಸಿ, ಬೆಣ್ಣೆ ಉಪ್ಪು ಇಲ್ಲದೆ. ಬಿಸಿ ಬಿಸಿ ಇದ್ದಾಗ ಸೂಜಿ ಚುಚ್ಚಿದ್ರೆ ಒಡೆಯುತ್ತೆ, ಮೆತ್ತಗಾದ ಮೇಲೆ ಸಲೀಸು.

ಬಾಲವಾಡಿ_ಅಕ್ಕ
ಒಂದು ತಿದ್ದುಪಡಿ. 4 ವರ್ಷದ ಒಳಗಿನವರಿಗೆ ಪಾಪ್‌ಕಾರ್ನ್ ಬೇಡ, ಮಕ್ಕಳ ವೈದ್ಯರು ಸ್ಪಷ್ಟವಾಗಿ ಹೇಳ್ತಾರೆ. ಇಡೀ ಕ್ರ್ಯಾನ್‌ಬೆರಿಯೂ ದ್ರಾಕ್ಷಿಯಷ್ಟೇ ದುಂಡಗೆ, ಗಟ್ಟಿ. ಅಂಟಿಸೋ ಪ್ಲಾಸ್ಟಿಕ್ ಕಣ್ಣು, ಕಾಳು, ಒಣ ಬೀನ್ಸ್, ಇವೆಲ್ಲ ಬಾಯಿಗೆ, ಮೂಗಿಗೆ ಹೋಗೋವೇ. ಪೇಪರ್ ಟವಲ್ ಕೊಳವೆಯಲ್ಲಿ ತೂರಿ ಹೋಗೋ ವಸ್ತು ಯಾವುದೂ 3 ವರ್ಷದ ಒಳಗಿನವರ ಮೇಜಿಗೆ ಬೇಡ. ಕಣ್ಣನ್ನ ಮಾರ್ಕರಲ್ಲಿ ಬರೀರಿ. ತೋರಣ ದೊಡ್ಡ ಮಕ್ಕಳಿಗೆ ಬೇರೆ ಕೋಣೆಯಲ್ಲಿ.

ಕಡಲಹಕ್ಕಿ
ಹೌದು, ಹಬ್ಬದ ದಿನ ಎಲ್ಲರೂ ನೋಡ್ತಾರೆ ಅಂದುಕೊಂಡು ಯಾರೂ ನೋಡುವುದಿಲ್ಲ. ಪುಟ್ಟವರ ಮೇಜಿಗೆ ಒಬ್ಬರ ಹೆಸರು ಹೇಳಿ ಕೂರಿಸಿ.

ಮುಂಗಾರು_ಮೋಡ
ವರ್ಷ ವರ್ಷ ಮಾಡೋ ಪದ್ಧತಿ ಬೇಕಾದ್ರೆ ಕಾಗದದ ಸರಪಳಿ. ಲೆಟರ್ ಹಾಳೆಯನ್ನ ಅಡ್ಡಕ್ಕೆ ಒಂದೊಂದಿಂಚು ಕತ್ತರಿಸಿದ್ರೆ 11 ಪಟ್ಟಿ ಬರುತ್ತೆ, ಮೂರು ಹಾಳೆ ಇಡೀ ತಿಂಗಳಿಗೆ ಸಾಕು. ನವೆಂಬರ್ 1ರಿಂದ ದಿನಕ್ಕೊಂದು ಪಟ್ಟಿ, ಅದರ ಮೇಲೆ ಆ ದಿನ ಯಾರಿಗೆ ಕೃತಜ್ಞತೆ ಅಂತ ಮಗು ಹೇಳಿದ್ದನ್ನ ಹೇಳಿದ ಹಾಗೇ ಬರೀರಿ. ಸ್ಕೂಲ್ ಬಸ್ ಡ್ರೈವರ್, ಮಣ್ಣು, ಅಜ್ಜಿಯ ವಿಡಿಯೋ ಕಾಲ್, ಏನು ಬಂದ್ರೂ ತಿದ್ದಬೇಡಿ. ಗ್ಲೂ ಸ್ಟಿಕ್ ಬೇಗ ಬಿಡುತ್ತೆ, ಸ್ಟೇಪ್ಲರ್ ನೀವು ಹಾಕಿ.

ಗಿರಗಿಟ್ಲೆ
ನಂಗೆ ಕೊಂಬೆಯ ಮರ ಇಷ್ಟ. ಎರಡಡಿ ಒಣಕೊಂಬೆ ಮೂರು, ಜಾಡಿ, ತಳಕ್ಕೆ ಭಾರದ ಕಲ್ಲು. ಅಕ್ಕಿ ತುಂಬಿಸಿದ್ರೆ ಮಕ್ಕಳು ಎಳೆದಾಗ ಉರುಳುತ್ತೆ. ಎಲೆ ಚೀಟಿಗೆ ತೂತು, ಉಣ್ಣೆ ದಾರ. ಬರೆಯೋಕೆ ಬಾರದವರು ಸ್ಟಿಕ್ಕರ್ ಅಂಟಿಸಲಿ. ಅಜ್ಜಿ ತಾತ ಊರಿಂದ ಬಂದಿದ್ರೆ ಕನ್ನಡದಲ್ಲಿ ಬರೆಯಲಿ, ಮಕ್ಕಳು ಆ ಅಕ್ಷರದ ಮೇಲೇ ಬೆರಳಾಡಿಸಲಿ.

ಪೇಡಾನಗರಿ
ದೀಪಾವಳಿಗೆ ತಂದ ರಂಗೋಲಿ ಬಣ್ಣ ಉಳದಿರ್ತೈತಿ. ಬಾಗಿಲ ಮುಂದ ಮೇಪಲ್ ಎಲಿ ರಂಗೋಲಿ ಹಾಕಸ್ರಿ. ಹೊರಗ ಥಂಡಿ ಇದ್ರ ಟ್ರೇದಾಗ.

ನೀರ್_ದೋಸೆ
ಇನ್ನೊಂದು ಪದ್ಧತಿ: ಫುಡ್ ಬ್ಯಾಂಕ್ ಡಬ್ಬ. ನವೆಂಬರ್ ಪೂರ್ತಿ ಅಂಗಡಿಗೆ ಹೋದಾಗೆಲ್ಲ ಮಗು ಒಂದು ವಸ್ತು ಆರಿಸಿ ರಟ್ಟಿನ ಪೆಟ್ಟಿಗೆಗೆ ಹಾಕಲಿ: ಪೀನಟ್ ಬಟರ್, ಡಬ್ಬಿ ಬೀನ್ಸ್, ಓಟ್ಸ್. ಅವಧಿ ಮುಗಿದಿದ್ದು, ಗಾಜಿನ ಬಾಟಲಿ, ಮನೆಯಲ್ಲಿ ಮಾಡಿದ್ದು ಸಾಮಾನ್ಯವಾಗಿ ತಗೊಳ್ಳಲ್ಲ. ಹಬ್ಬದ ವಾರಕ್ಕೆ ಕಾಯಬೇಡಿ, ಆಗ ಅವರಿಗೆ ವಿಂಗಡಿಸೋಕೆ ಸಮಯ ಇರಲ್ಲ. ಹಿಂದಿನ ವಾರ ಕೊಟ್ಟುಬಿಡಿ.

ಬಾಲವಾಡಿ_ಅಕ್ಕ
@ತುಂಗೆಯ_ದಡ ಎಲ್ಲವನ್ನೂ ಒಂದೇ ದಿನ ಇಟ್ಕೋಬೇಡಿ. ಒಣಗೋಕೆ ಹೊತ್ತು ಬೇಕಾದ್ದು, ಬಿಸಿ ಬೇಕಾದ್ದು (ಪೈನ್ ಕೋನ್, ಉಪ್ಪಿನ ಹಿಟ್ಟು, ಎಲೆ ಕಿಟಕಿ) ಹಿಂದಿನ ವಾರಾಂತ್ಯ ಮುಗಿಸಿ. ಗುರುವಾರ ಒಲೆ ನಿಮಗೆ ಖಾಲಿ ಸಿಗಲ್ಲ. ಆ ದಿನಕ್ಕೆ ಕಾಫಿ ಫಿಲ್ಟರ್ ಮತ್ತು ಗೊಂಬೆ, ಎರಡೇ. ಊಟದ ಮೇಜಿಗೆ ಕಂದು ಕ್ರಾಫ್ಟ್ ಕಾಗದದ ಸುರುಳಿ ಹಾಸಿ, ಅಂಚನ್ನ ಮೇಜಿನ ಅಡಿಗೆ ಟೇಪ್ ಮಾಡಿ, ನಡುವೆ ಕ್ರೇಯಾನ್ ಲೋಟ ಇಡಿ. ದೊಡ್ಡವರ ಊಟ ಮುಗಿಯೋ ತನಕ ಮಕ್ಕಳು ಅಲ್ಲೇ ಚಿತ್ರ ಬರೀತಾರೆ. 2 ವರ್ಷದವರು ಒಂದು ಕೆಲಸದಲ್ಲಿ ಕೂರೋದು ಐದಾರು ನಿಮಿಷ, ಅಷ್ಟಕ್ಕೇ ಖುಷಿಪಡಿ.

ತುಂಗೆಯ_ದಡ
ಅಕ್ಕ, ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೀನಿ. ಕೊನೇ ಪ್ರಶ್ನೆ: ಹ್ಯಾಲೋವೀನ್‌ಗೆ ತಂದ ಕುಂಬಳ ಎರಡು ಬಾಗಿಲಲ್ಲಿವೆ. ಹುಳಿಗೆ ಹಾಕಬಹುದಾ?

ಕೋಸಂಬರಿ
ಕೊರೆದು ದೀಪ ಇಟ್ಟಿದ್ರೆ, ಬಣ್ಣ ಬಳಿದಿದ್ರೆ, ಬ್ಲೀಚ್ ಹಾಕಿದ್ರೆ ತಿನ್ನಬೇಡಿ. ಕೊರೆಯದೆ ಇಡಿಯಾಗಿ, ಮೆತ್ತಗಾಗದೆ ಇದ್ರೆ ತಿನ್ನಬಹುದು, ಆದ್ರೆ ಆ ಜಾತಿ ನೀರು ನೀರು, ನಾರು ಜಾಸ್ತಿ. ಹುಳಿಗೆ ರುಚಿ ಬರೋದು ಚಿಕ್ಕ ಶುಗರ್ ಪಂಪ್ಕಿನ್. ಬಣ್ಣಬಣ್ಣದ ಗಂಟುಗಂಟು ಅಲಂಕಾರದ ಸೋರೆ ಇದ್ರೆ ಅದನ್ನಂತೂ ಅಡುಗೆಗೆ ತರಬೇಡಿ, ಕಹಿ ಇರುತ್ತೆ, ಹೊಟ್ಟೆ ಕೆಡುತ್ತೆ.

ಎಲೆಯುದುರು
ಇಡೀ ಕುಂಬಳ ಇದ್ರೆ ಅಡುಗೆಗೆ ಕೊಡೋ ಮುಂಚೆ ಮಕ್ಕಳ ಕೈಲಿ ಬೀಜ ತೆಗೆಸಿ. ತೊಳೆದು, ಬಟ್ಟೆ ಮೇಲೆ ಪೂರ್ತಿ ಒಣಗಿಸಿ, ಎಣ್ಣೆ, ಉಪ್ಪು, ಸ್ವಲ್ಪ ಸಾರಿನಪುಡಿ ಸವರಿ ಓವನ್ನಲ್ಲಿ 300 ಡಿಗ್ರಿ ಫ್ಯಾರನ್‌ಹೀಟ್‌ಗೆ 25ರಿಂದ 30 ನಿಮಿಷ. ಒದ್ದೆ ಇಟ್ರೆ ಗರಿಗರಿ ಆಗಲ್ಲ. ಇದೂ ದೊಡ್ಡ ಮಕ್ಕಳಿಗೆ ಮಾತ್ರ.